ಕಡಿತ

ಮೊದಲೇ ಹೇಳಿಬಿಡುತ್ತೇನೆ,
ಕಂಪ್ಯೂಟರಿನ ಮೇಲೆ ನನಗೇನೂ ಸಿಟ್ಟಿಲ್ಲ.
ಕರೂರಿನ ಈ ತಗಡಿನ ಶೆಡ್ಡಿನಲ್ಲಿ ಏಸಿ ಹಾಕಿಸಿರುವುದು
ಅದಕ್ಕೆ, ನನಗಲ್ಲ.
ಅದರ ಪುಣ್ಯಕ್ಕೆ ನನಗೂ ಒಂದಿಷ್ಟು ತಂಪು.

ಪರದೆಯ ಮೇಲೆ ಚರ್ಮದ ಹಾಳೆ ಹರಡಿಕೊಂಡಿದೆ:
ಹೊಟ್ಟೆಯ ಕಡೆ ಸಡಿಲ, ಬೆನ್ನಿನ ಕಡೆ ಬಿಗಿ,
ಕತ್ತಿನ ಹತ್ತಿರ ನೊಗ ಉಜ್ಜಿದ ಕಲೆ.
ಆ ಕಲೆಗೆ ಕೆಂಪು ಗೆರೆ ಸುತ್ತಿ
'ಇಲ್ಲಿ ಬೇಡ' ಎಂದರೆ ಸಾಕು,
ಉಂಗುಷ್ಟ, ಪಟ್ಟಿ, ಹಿಮ್ಮಡಿ ಎಲ್ಲ
ಹರಿಹರದ ಬಸ್ಸಿನಲ್ಲಿ ಸರಿದು ಕೂತು ಜಾಗ ಕೊಡುವವರಂತೆ
ತಾವೇ ಒತ್ತರಿಸಿಕೊಳ್ಳುತ್ತವೆ.
ಕಸ ನೂರಕ್ಕೆ ಹದಿಮೂರು.
ಅಪ್ಪನ ಕೈಯಲ್ಲಿ ಇಪ್ಪತ್ತು ಹೋಗುತ್ತಿತ್ತು;
ಆದರೆ ಆ ಇಪ್ಪತ್ತರಲ್ಲಿ
ನನ್ನ ಪಾಟಿಚೀಲದ ಕಿವಿ ಇತ್ತು,
ಅಣ್ಣನ ಕವಣೆಯ ತೊಟ್ಟಿಲಿತ್ತು.

ಅಪ್ಪ ಹುಚ್ಚಂಗೆಪ್ಪ ರೈಲ್ವೆ ಗೇಟಿನ ಪಕ್ಕ
ಮೂವತ್ತೊಂದು ವರ್ಷ ಗೋಣಿತಾಟಿನ ಮೇಲೆ ಕೂತ.
ಗೇಟು ಬಿದ್ದಷ್ಟು ಹೊತ್ತು ವ್ಯಾಪಾರ.
ಗೂಡ್ಸು ದಾಟುವುದರೊಳಗೆ ಒಂದು ಉಂಗುಷ್ಟ.
ಹೊಸ ಜೋಡು ಬೇಕೆಂದವರಿಗೆ
ಹಳೇ ಸಿನಿಮಾ ಪೋಸ್ಟರ್ ಬೋರಲು ಹಾಸಿ
'ನಿಲ್ರಿ' ಅನ್ನುತ್ತಿದ್ದ.
ಕಾಪಿ ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿ
ಹಿಮ್ಮಡಿಯಿಂದ ಶುರು.
ಬೆರಳ ಸಂದಿಗೆ ಮೊನೆ ಬಂದಾಗ
ಎಂಥ ಮೀಸೆಯವರೂ ಕಚಗುಳಿಗೆ ಸೋಲುತ್ತಿದ್ದರು.
ಆ ನಗೆಯ ನಡುವೆಯೇ ಕೇಳುತ್ತಿದ್ದ:
'ಎಲ್ಲಿ ಕಡಿತೈತಿ?'
ತೋರಿಸಿದ ಕಡೆ ಒಂದು ಸಣ್ಣ ಸೊನ್ನೆ.
ಇಡೀ ದಿನ ನೇರಳೆ ನಾಲಿಗೆ,
ರಾತ್ರಿ ಮುದ್ದೆ ನುಂಗುವಾಗಲೂ ನೇರಳೆ.

ಆ ಹಾಳೆಗಳು ಅಟ್ಟದ ಮೇಲಿದ್ದವು.
ಒಂದು ಭಾನುವಾರ ತಂದು
ಒಂದೊಂದನ್ನೇ ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿದೆ.
ಮಂಡಕ್ಕಿ ಭಟ್ಟಿಯ ಬಿಸಿಗೆ ಹರಡಿದ ಪಾದ,
ಮಿಲ್ಲಿನ ನೂಲುಖಾತೆಯಲ್ಲಿ
ರಾತ್ರಿಪಾಳಿ ನಿಂತೂ ನಿಂತೂ ಚಪ್ಪಟೆಯಾದದ್ದು,
ಆರು ಬೆರಳಿನದೊಂದು,
ಹೆಬ್ಬೆರಳೇ ಇಲ್ಲದ್ದೊಂದು.
ಸಾಫ್ಟ್‌ವೇರ್ ವಿನಯದಿಂದ ಕೇಳಿತು:
ಗೆರೆಗಳನ್ನು ನಯಗೊಳಿಸಲೇ?
ನೋಡೋಣ ಅಂತ ಹೂಂ ಅಂದೆ.
ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ
ಆರನೆಯ ಬೆರಳು ಕರಗಿತು,
ಗಂಟುಗಳು ಇಳಿದವು,
ನೂರಾ ಹನ್ನೆರಡು ಜನ
ಒಬ್ಬಳೇ ತಾಯಿ ಹೆತ್ತವರಂತೆ ಸಾಲಾಗಿ ನಿಂತರು.
ಸೊನ್ನೆಗಳನ್ನು ಧೂಳೆಂದುಕೊಂಡು ಒರೆಸಿಹಾಕಿತ್ತು.

ಬೇಡ ಎಂದು ಹಿಂದಕ್ಕೆ ಒತ್ತಿದೆ.

ಕತ್ತರಿಸುವ ಗೆರೆಗೊಂದು ಪದರ,
ಹೊಲಿಗೆಗೊಂದು, ಗುರುತುಗಳಿಗೊಂದು.
ನಾಲ್ಕನೆಯದನ್ನು ನಾನೇ ತೆರೆದು
ಸೊನ್ನೆಗಳನ್ನೆಲ್ಲ ಅದರೊಳಗಿಟ್ಟು
ಹೆಸರಿನ ಜಾಗದಲ್ಲಿ ಬರೆದೆ: ಕಡಿತ.
ಕಟಿಂಗ್ ಮಿಷನ್ನಿಗೆ ಹೋಗುವ ಮುನ್ನ
ಆ ಪದರ ಆರಿಸಿಬಿಡಬೇಕು, ಅಷ್ಟೇ.

ಗುರುವಾರ ಮರೆತೆ.

ಭಟ್ಟಿಯ ಖಲಂದರನ ಅಳತೆ ಆಧರಿಸಿದ ಹೊಸ ನಮೂನೆ.
ಮಿಷನ್ನು ಪದರದ ಹೆಸರು ಓದಲಿಲ್ಲ, ಗೆರೆ ಓದಿತು.
ಇನ್ನೂರ ನಲವತ್ತು ಜೊತೆಗೆ
ಕಿರುಬೆರಳ ಎದುರು ಗುಂಡಗೆ ಒಂದೊಂದು ತೂತು,
ಒಂದಕ್ಕೊಂದು ಅಣುವೂ ತಪ್ಪದ ಹಾಗೆ.
ಮ್ಯಾನೇಜರ್ ಬಕ್ಕೇಶ್ ತೂತಿನೊಳಗಿಂದ ನನ್ನನ್ನು ನೋಡಿದರು.
'ಕಡಿತ ಅಂತ ನೀವೇ ಬರ್ದಿದೀರಲ್ಲಮ್ಮ,
ಅದು ಕಡೀತು.'
ತಿಂಗಳ ಕೊನೆಗೆ ಸಂಬಳದ ಚೀಟಿಯಲ್ಲೂ
ಅದೇ ಪದ, ಮುಂದೆ ಎರಡು ಸಾವಿರದ ನಾನೂರು.

ರಿಜೆಕ್ಟಾದ ರಾಶಿಯಿಂದ ಒಂದು ಜೊತೆ ಮನೆಗೆ ತಂದೆ.
ಅಪ್ಪನಿಗೆ ಈಗ ಕಣ್ಣು ಮಸುಕು.
ತಿರುಗಿಸಿದ, ಮೂಸಿದ, ಅಟ್ಟೆ ಬಗ್ಗಿಸಿದ.
ತೂತಿನೊಳಗೆ ಹೆಬ್ಬೆಟ್ಟಿಟ್ಟು
ಬಹಳ ಹೊತ್ತು ಸುಮ್ಮನಿದ್ದ.
ಅಳುತ್ತಾನೇನೋ ಅಂದುಕೊಂಡೆ.
'ಖಲಂದರನ ಕಾಲು' ಅಂದ.
ಆಮೇಲೆ, ಬೇಸರದಿಂದ:
'ಸೊನ್ನಿ ಎರಡು ನೂಲು ಹಿಂದಾತು.'

ಮರುದಿನ ಫೈಲು ತೆರೆದೆ.
ಇದಕ್ಕೆ ನೂಲು ಗೊತ್ತಿಲ್ಲ;
ಆರು ಪಾಯಿಂಟ್ ಮೂರು ಐದು ಮಿಲಿಮೀಟರ್ ಮುಂದೆ
ಎಂದು ಟೈಪಿಸಿದೆ.
ತಗೊಂಡಿತು.